ನಾದಶುದ್ಧಿ

“ಈಗ ಕೇಳಿ ಸಾರ್. ಕಣ್ಣು ಮುಚ್ಕೊಂಡು ಕೇಳಿ.”

ಹಳೇ ಹಾಡುಗಳ ದೋಷ ತೆಗೆಯುತ್ತೇನೆಂದು ಬಂದಿದ್ದ ನಾದಶುದ್ಧಿಯವನು ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸಿದ. ಹೇಳಿದ್ದೇ ತಡ, ಭಾವ ಕಣ್ಣು ಮುಚ್ಚಿದರು. ಪಕ್ಕದ ಕುರ್ಚಿಯಲ್ಲಿದ್ದ ಅವರ ಭಾವಮೈದುನ, ರಿಪೇರಿಯವನು, ಮುಚ್ಚಲಿಲ್ಲ. ಮೂವತ್ತೆಂಟು ವರ್ಷ ರೇಡಿಯೋಗಳ, ಟೇಪ್‌ರೆಕಾರ್ಡರುಗಳ ಹೊಟ್ಟೆ ಬಗೆದು ಬದುಕಿದವನು ಅವನು. ಯಂತ್ರದ ಮೇಲೆ ಇನ್ನೊಬ್ಬರ ಕೈ ಆಡುತ್ತಿದ್ದರೆ ಅವನ ಕಣ್ಣು ಆ ಕೈಯನ್ನು ಬಿಟ್ಟು ಕದಲುವುದಿಲ್ಲ. ಹಾಗಾಗಿ ಆ ಮನುಷ್ಯ ಇಳಿಸುವ ಮುನ್ನ ಮುಳ್ಳಿನ ತುದಿಯ ಧೂಳನ್ನು ಸದ್ದಿಲ್ಲದೆ ಒರೆಸಿದ್ದನ್ನೂ, ವಾಲ್ಯೂಮಿನ ಗುಂಡಿಯನ್ನು ಕಿರುಬೆರಳಿನಲ್ಲಿ ಎಳ್ಳಷ್ಟು ಮೇಲಕ್ಕೆ ತಳ್ಳಿದ್ದನ್ನೂ ನೋಡಿದ. ಹಾಡು ಒಂದು ಚೂರು ಜೋರಾದರೆ ಸಾಕು, ಕೇಳುವವರಿಗೆ ಚೆನ್ನಾಯಿತು ಅನ್ನಿಸುತ್ತದೆ. ಈ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

“ಆಹಾ! ತೆರೆ ಸರಿಸಿದ ಹಾಗಾಯ್ತಲ್ಲೋ!” ಎಂದರು ಭಾವ.

ಮೇಜಿನ ಮೇಲೆ ಆ ಮನುಷ್ಯ ತಂದ ಕಪ್ಪು ಪೆಟ್ಟಿಗೆ ಕೂತಿತ್ತು. ರೆಕಾರ್ಡನ್ನು ಅದರ ಮೇಲಿಟ್ಟು ಗುಂಡಿ ಒತ್ತಿದರೆ ಅರ್ಧ ನಿಮಿಷ ಗುಂಯ್ ಎನ್ನುತ್ತದೆ; ವರ್ಷಗಟ್ಟಲೆ ಸೇರಿಕೊಂಡ ಕಾಂತದೋಷವೆಲ್ಲ ಇಳಿದುಹೋಗುತ್ತದಂತೆ. ಪೆಟ್ಟಿಗೆಯ ಒಳಗಿರುವುದು ಕಾಂತ ಎಬ್ಬಿಸುವ ಜಬರ್ದಸ್ತಾದ ಕಾಯಿಲ್ ಎನ್ನುವುದು ಆ ಗುಂಯ್ ಕೇಳಿದೊಡನೆ ರಿಪೇರಿಯವನಿಗೆ ತಿಳಿದಿತ್ತು. ಆದರೆ ರೆಕಾರ್ಡು ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕಿಗೆ ಎಲ್ಲಿಯ ಕಾಂತ, ಎಲ್ಲಿಯ ದೋಷ? ಬಕೆಟ್ಟಿಗೂ ಹೀಗೇ ಶುದ್ಧಿ ಮಾಡಿಸಬಹುದು ಎಂದುಕೊಂಡು ಒಳಗೊಳಗೇ ನಕ್ಕ. ಬಾಯಿ ಮಾತ್ರ ಬಿಡಲಿಲ್ಲ.

ಬಿಡದಿರಲು ಕಾರಣವಿತ್ತು. ಭಾವ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕಾಗದದ ಮೇಲೆ ಒಂದು ಕೊಂಬು ಹೆಚ್ಚಾದರೂ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಸಂಗೀತದ ವಿಷಯಕ್ಕೆ ಬಂದರೆ ಮಾತ್ರ ಯಾರು ಬೇಕಾದರೂ ಅವರ ಕಿವಿಗೆ ಹೂವಿಡಬಹುದಿತ್ತು. ಸ್ಪೀಕರಿನ ಕೆಳಗಿಡುವ ಕಲ್ಲು, ವಯರಿಗೆ ಹಚ್ಚುವ ಎಣ್ಣೆ, ಇನ್ನೂ ಏನೇನೋ ಒಂದೊಂದಾಗಿ ಮನೆ ಸೇರಿದ್ದವು. ಎರಡು ವರ್ಷದ ಹಿಂದೆ ಹೆಬ್ಬೆರಳು ಗಾತ್ರದ ವಯರು ಬಂದಾಗ ರಿಪೇರಿಯವನಿಗೆ ತಡೆಯಲಾಗಲಿಲ್ಲ. ಭಾವನ ಸ್ನೇಹಿತರು ಕೂತಿದ್ದಾಗಲೇ ಕಿಟಕಿಯ ಪರದೆ ಬಿಚ್ಚಿ ಯಂತ್ರಕ್ಕೆ ಮರೆ ಕಟ್ಟಿ, “ಯಾವಾಗ ಹಳೇ ವಯರು, ಯಾವಾಗ ಹೊಸದು, ಹೇಳಿ ನೋಡೋಣ” ಎಂದ. ಹತ್ತು ಸಲಕ್ಕೆ ಭಾವ ಆರು ಸಲ ತಪ್ಪಿದರು. ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಭಾವ ಒದೆಯಲಿಲ್ಲ, ನಾಲ್ಕು ತಿಂಗಳು ಮಾತು ಬಿಟ್ಟರು. ಅಕ್ಕ ತೀರಿಕೊಂಡ ಮೇಲೆ ಅವನಿಗೆ ಹೋಗಿ ಕೂರಲು ಇದ್ದದ್ದು ಅದೊಂದೇ ಮನೆ. ಆ ನಾಲ್ಕು ತಿಂಗಳ ಭಾನುವಾರಗಳನ್ನು ಅವನು ಅಂಗಡಿಯ ಸ್ಟೂಲಿನ ಮೇಲೆ ಒಬ್ಬನೇ ಕೂತು ಕಳೆದಿದ್ದ.

ಈ ದಿನ ರಿಪೇರಿಯವನು ಹೊರಟಾಗ ಭಾವ ಬಾಗಿಲವರೆಗೆ ಬಂದರು.

“ಮುಂದಿನ ಭಾನುವಾರ ಮಗಳು ಕೂಸನ್ನ ಕರ್ಕೊಂಡು ಬರ್ತಾಳೆ. ಅಮ್ಮನ ಜೋಗುಳ ಕೇಳಿಸ್ಬೇಕು ಅಂತಿದ್ದಾಳೆ. ಆ ಟೇಪಿಗೊಂದು ಕಾಪಿ ಮಾಡ್ಕೊಡ್ತೀನಿ ಅಂದಿದ್ದೆ ನೀನು. ಎಷ್ಟು ವರ್ಷ ಆಯ್ತೋ?”

“ಈ ವಾರ ಮಾಡ್ತೀನಿ ಭಾವ.”

“ನಿನ್ನ ಈ ವಾರ ಅಂದ್ರೆ ನಂಗೊತ್ತಿಲ್ವಾ?” ನಕ್ಕರು. ಆಮೇಲೆ ದನಿ ತಗ್ಗಿಸಿ, “ಪರದೆ ಗಿರದೆ ಕಟ್ಬೇಡ. ಸುಮ್ನೆ ಹೇಳು. ಇವನ ಹತ್ರ ಎಲ್ಲಾನೂ ಮಾಡಿಸ್ಲಾ, ಬೇಡ್ವಾ?” ಎಂದರು.

ರಿಪೇರಿಯವನು ಚಪ್ಪಲಿ ಮೆಟ್ಟುತ್ತಿದ್ದ. ಗೋಡೆಯುದ್ದಕ್ಕೂ ಜೋಡಿಸಿದ್ದ ರೆಕಾರ್ಡುಗಳನ್ನು ಒಮ್ಮೆ ನೋಡಿದ. ಭಾವನ ಮುಖವನ್ನೂ ನೋಡಿದ. “ಮಾಡಿಸಿ ಭಾವ. ಏನೂ ಆಗಲ್ಲ,” ಎಂದು ಮೆಟ್ಟಿಲಿಳಿದ. ಒಂದು ಜಗಳ ತಪ್ಪಿತೆಂಬ ಹಗುರಿನಲ್ಲಿ ಬೀದಿಯ ತುದಿಯವರೆಗೂ ಸಿಳ್ಳೆ ಹಾಕಿಕೊಂಡು ಹೋದ.

ಮರುದಿನ ಅಂಗಡಿ ತೆಗೆದು ಧೂಳು ಹೊಡೆಯುತ್ತಿರುವಾಗಲೇ ಭಾವ ಬಂದರು. ಕಂಕುಳಲ್ಲಿ ಟೇಪ್‌ರೆಕಾರ್ಡರು, ಕೈಯಲ್ಲಿ ಕ್ಯಾಸೆಟ್ಟಿನ ಡಬ್ಬಿ.

“ಇದಕ್ಕೇನೋ ಆಗಿದೆ ನೋಡು. ನಿನ್ನಕ್ಕನ ಟೇಪು ಹಾಡ್ತಾನೇ ಇಲ್ಲ.”

“ಕೂತ್ಕೊಳಿ. ಹೆಡ್ಡಲ್ಲಿ ಕೊಳೆ ಕೂತಿರುತ್ತೆ,” ಎಂದು ರಿಪೇರಿಯವನು ಮುಚ್ಚಳ ತೆಗೆದ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡನ್ನು ಒರೆಸಿದ. ಹತ್ತಿ ಬೆಳ್ಳಗೇ ಇತ್ತು. ಕಪಾಟಿನಿಂದ ಯಾವುದೋ ಬೇರೆ ಕ್ಯಾಸೆಟ್ಟು ತೆಗೆದು ಹಾಕಿದ. ಅದು ಗಂಟಲು ಬಿಚ್ಚಿ ಹಾಡಿತು. ಅವನು ತಟ್ಟನೆ ಗುಂಡಿ ಒತ್ತಿ ಅದನ್ನು ನಿಲ್ಲಿಸಿದ.

“ಭಾವ, ನಿನ್ನೆ ಈ ಟೇಪನ್ನ...”

“ಹೂಂ, ಕೊನೇಲಿ ಇದನ್ನೂ ಕೊಟ್ಟೆ. ಮಗಳು ಅಂತಿದ್ಲಲ್ಲ, ಅಮ್ಮನ ದನಿಗಿಂತ ಗಾಳಿ ಸದ್ದೇ ಜಾಸ್ತಿ ಅಂತ. ಇದಕ್ಕೆ ಅಂತ ಅವನು ಎರಡು ಸಲ ಗುಂಡಿ ಒತ್ತಿದ, ಪಾಪ.”

ರಿಪೇರಿಯವನು ಅಕ್ಕನ ಕ್ಯಾಸೆಟ್ಟನ್ನು ಹಾಕಿದ. ರೆಕಾರ್ಡಿನಲ್ಲಿ ಹಾಡು ಇರುವುದು ಗೀರಿನಲ್ಲಿ. ಯಾವ ಕಾಯಿಲೂ ಅದನ್ನು ಮುಟ್ಟಲಾರದು. ಟೇಪಿನಲ್ಲಿ ಹಾಡು ಇರುವುದೇ ಕಾಂತದಲ್ಲಿ. ಸ್‌ಸ್ ಎಂದು ಒಂದೇ ಸಮನೆ ಬಂತು. ವಾಲ್ಯೂಮು ಪೂರ್ತಿ ಏರಿಸಿದ. ಮಗುಚಿ ಹಾಕಿದ. ಮತ್ತೆ ಮೊದಲ ಮಗ್ಗುಲಿಗೆ ತಿರುಗಿಸಿ ಮುಂದಕ್ಕೆ ಓಡಿಸಿದ.

ಆ ಟೇಪನ್ನು ಮಾಡಿದವನು ಅವನೇ. ಆಗ ಅವನಿಗೆ ಇಪ್ಪತ್ತು ತುಂಬಿತ್ತಷ್ಟೆ. ರಿಪೇರಿಗೆ ಬಂದಿದ್ದ ಯಾರದೋ ಯಂತ್ರವನ್ನು ಪರೀಕ್ಷೆಗೆಂದು ಅಕ್ಕನ ಮನೆಗೆ ಹೊತ್ತುಕೊಂಡು ಹೋಗಿ, ಕೋಣೆಯ ಬಾಗಿಲ ಮರೆಯಲ್ಲಿ ಕೂತು, ಅವಳು ಮಗಳನ್ನು ಮಲಗಿಸುತ್ತ ಹಾಡಿದ್ದನ್ನು ಹಿಡಿದಿದ್ದ. ಹನ್ನೊಂದು ನಿಮಿಷ. ಕೊನೆಗೆ ಅವಳಿಗೆ ಗೊತ್ತಾಗಿಬಿಡುತ್ತದೆ. “ಲೋ ಕಳ್ಳ, ಏನೋ ಮಾಡ್ತಿದ್ದೀಯ ಅಲ್ಲಿ?” ಎಂದು ನಗುತ್ತಾಳೆ. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳು. ಮಗಳಿಗೆ ಮೂರು ತುಂಬುವ ಮೊದಲೇ ಹೋಗಿಬಿಟ್ಟಳು. ಭೂಮಿಯ ಮೇಲೆ ಅವಳ ದನಿ ಉಳಿದಿದ್ದದ್ದು ಆ ಹನ್ನೊಂದು ನಿಮಿಷದಲ್ಲಿ ಮಾತ್ರ.

ಅವನು ಆ ನಗು ಬರಬೇಕಾದ ಜಾಗದವರೆಗೂ ಕಾದ. ಸ್‌ಸ್ ಎನ್ನುವುದು ನಿಲ್ಲಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿದ.

ಭಾವ ಅವನ ಮುಖವನ್ನೇ ನೋಡುತ್ತಿದ್ದರು. “ಹಳೇದಾಗಿ ಹೋಯ್ತೇನೋ, ಅಲ್ವಾ? ನಾನೇ ಹಾಕಿ ಹಾಕಿ ಸವೆಸಿಬಿಟ್ಟೆ ಅನ್ಸುತ್ತೆ. ದಿನಾ ಹಾಕ್ತಿದ್ದೆ. ನೀನು ಬೇಡ ಅಂತಿದ್ದೆ, ನಾನು ಕೇಳ್ಳಿಲ್ಲ.”

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಮುಂದಿನ ಭಾನುವಾರವೂ ಆ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಭಾವ ಮಾತ್ರ ಬದುಕಿರುವವರೆಗೆ ತನ್ನ ಕೈಯಿಂದಲೇ ಹೆಂಡತಿಯ ದನಿ ಸವೆಯಿತು ಎಂದುಕೊಂಡಿರುತ್ತಿದ್ದರು. ರಿಪೇರಿಯವನು ಕ್ಯಾಸೆಟ್ಟನ್ನು ಹೊರತೆಗೆದು ಭಾವನ ಮುಂದಿಟ್ಟ.

“ನೀವಲ್ಲ ಭಾವ. ಆ ಪೆಟ್ಟಿಗೆ. ರೆಕಾರ್ಡನ್ನ ಅದು ಏನೂ ಮಾಡಲ್ಲ. ಟೇಪಾದ್ರೆ ಅಳಿಸಿಹಾಕುತ್ತೆ.”

“ಅಂದ್ರೆ, ಮತ್ತೆ ಬರಲ್ವಾ?”

“ಬರಲ್ಲ.”

ಭಾವ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. “ನಿಂಗೆ ಗೊತ್ತಿತ್ತಾ?”

“ಅವನು ನಿಮ್ಮ ಕಿವಿಗೆ ಹೂವಿಡ್ತಿದ್ದಾನೆ ಅಂತ ಗೊತ್ತಿತ್ತು. ವಾಲ್ಯೂಮು ಏರಿಸಿದ್ದನ್ನ ಕಣ್ಣಾರೆ ನೋಡ್ದೆ. ಪೆಟ್ಟಿಗೇಲಿ ಏನಿದೆ ಅಂತಾನೂ ಗೊತ್ತಾಯ್ತು. ಟೇಪು ಕೊಡ್ತೀರ ಅಂತ ಹೊಳೀಲಿಲ್ಲ.”

“ಎಲ್ಲಾನೂ ಮಾಡಿಸ್ಲಾ ಅಂತ ಕೇಳಿದ್ನಲ್ಲೋ.”

“ಕೇಳಿದ್ರಿ. ಬಾಯಿ ಬಿಟ್ರೆ ಮತ್ತೆ ಮಾತು ಬಿಡ್ತೀರ ಅಂತ ಸುಮ್ನಾದೆ ಭಾವ. ಹೆದರ್ಕೊಂಡೆ.”

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಬೆಸುಗೆಯ ಕಲೆಗಳಿದ್ದ ಮೇಜನ್ನು ದಿಟ್ಟಿಸುತ್ತ ಕೂತರು. ಗಿರಾಕಿಯೊಬ್ಬಳು ಮಿಕ್ಸಿ ಹಿಡಿದುಕೊಂಡು ಬಂದಳು. ನಾಳೆ ಬನ್ನಿ ಎಂದು ಕಳಿಸಿ ರಿಪೇರಿಯವನು ಷಟರನ್ನು ಅರ್ಧ ಎಳೆದ. ಬೀದಿಯ ಗದ್ದಲ ಕಡಿಮೆಯಾಯಿತು.

“ಮಗಳಿಗೆ ಏನು ಹೇಳೋದು?” ಎಂದರು ಭಾವ. ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿ, “ನಿಂಗೆ ಆ ಜೋಗುಳ ಬರುತ್ತಾ? ನಿನ್ನಕ್ಕ ಹೇಳ್ತಿದ್ದ ಹಾಗೆ?” ಎಂದರು.

“ನಂಗೆಲ್ಲಿ ಹಾಡಕ್ಕೆ ಬರುತ್ತೆ?”

“ನಿನ್ನನ್ನೂ ಅದೇ ಹಾಡಿ ಮಲಗಿಸ್ತಿದ್ದಿದ್ದಂತೆ.”

ರಿಪೇರಿಯವನು ಹುಟ್ಟಿದ ಮೇಲೆ ಒಬ್ಬರೆದುರೂ ಹಾಡಿದವನಲ್ಲ. ಯಂತ್ರ ಹಾಡಿಸುವುದು ಅವನ ಕೆಲಸ. ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತ ಶುರುಮಾಡಿದ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ದನಿ ಒಡೆದು, ಅಕ್ಕ ಮೆಲ್ಲನೆ ಇಳಿಯುತ್ತಿದ್ದ ಜಾಗದಲ್ಲಿ ಅವನು ದೊಪ್ಪನೆ ಬಿದ್ದ. ತಪ್ಪಿತೆಂದು ಅವನಿಗೇ ಗೊತ್ತಾಯಿತು.

“ಸರಿಯಾಗಿದೆ,” ಎಂದರು ಭಾವ. “ಹಾಗೇ ಹೇಳ್ತಿದ್ಲು.”

“ಭಾವ, ಸುಳ್ಳು ಹೇಳ್ಬೇಡಿ.”

ಭಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಲೆಕ್ಕ ಹಾಕಿದರು.

“ಸರಿಯಾಗಿಲ್ಲ,” ಎಂದರು. “ಎರಡನೇ ಸಾಲಲ್ಲಿ ಅವಳು ಉಸಿರು ತಗೋತಿರ್ಲಿಲ್ಲ. ಒಂದೇ ಉಸಿರಲ್ಲಿ ಹೋಗ್ತಿದ್ಲು. ಮೊದಲಿಂದ ಹೇಳು.”

ರಿಪೇರಿಯವನು ಉಸಿರು ತುಂಬಿಕೊಂಡು ಮೊದಲಿನಿಂದ ಶುರುಮಾಡಿದ.