ಮಂಚದ ಕೆಳಗಿನ ಪಾತ್ರೆ

"ಏ ಕೇರಿ ಮುಂಡೆ, ಕೈ ತೆಗಿಯೇ! ನನ್ ಮೈ ಮುಟ್ಟಿದ್ರೆ ಕೈ ಕಡಿಸಿ ಹಾಕ್ತೀನಿ!"

ಪಟೇಲ ಸದಾಶಿವಪ್ಪನ ತೊಡೆಯ ಬ್ಯಾಂಡೇಜು ಬಿಚ್ಚಲು ಹೋಗಿದ್ದೆ. ಹೋರಿ ಹಬ್ಬದಲ್ಲಿ ಅವನ ಹೋರಿಯೇ ಅವನ ತೊಡೆ ಸೀಳಿತ್ತು. ಬಂದಳಿಕೆ ಕಡೆಯಿಂದ ಗಾಡಿಯಲ್ಲಿ ಮಲಗಿಸಿಕೊಂಡು ಶಿರಾಳಕೊಪ್ಪದ ನಮ್ಮ ಆಸ್ಪತ್ರೆಗೆ ತಂದಿದ್ದರು. ಹೊಲಿಗೆ ಹಾಕಿದ ಡಾಕ್ಟರು, ಕಾಲು ನೆಲಕ್ಕಿಡಕೂಡದು ಎಂದಿದ್ದರು.

"ಗಾಯ ತೊಳೀಬೇಕು ಪಟೇಲ್ರೆ."

"ಡಾಕ್ಟ್ರು ತೊಳೀತಾರೆ. ಬಿಳೀ ಸೀರೆ ಸುತ್ಕಂಡ ಕೂಡ್ಲೆ ದೊರೆಸಾನಿ ಆದ್ಯೇನೆ? ತಿಮ್ಮಿ ಮಗಳು ಹುಲಿಗಿ ಅಲ್ವೇನೆ ನೀನು?"

ಡಾಕ್ಟರು ನನ್ನ ಮುಖ ನೋಡದೆ, "ಬಿಡು ಹುಲಿಯಮ್ಮ, ನಾನೇ ಮಾಡ್ತೀನಿ" ಎಂದರು.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅವ್ವನಿಗೆ ಪಟೇಲ ಮಂಚದ ಕೆಳಗೆ ಬೆರಳು ತೋರಿಸಿದ. "ತಿಮ್ಮೀ, ಎತ್ತೇ ಅದನ್ನ." ಅವ್ವ ಆ ಆಸ್ಪತ್ರೆಯ ಜಾಡಮಾಲಿ. ಸೆರಗು ಸರಿಮಾಡಿಕೊಂಡು ಬಗ್ಗಿ, ಅವನ ಹೇಲಿನ ಪಾತ್ರೆ ಎತ್ತಿ ಹೊರಗೆ ಹೋದಳು. ಅದಕ್ಕೆ ನಮ್ಮ ಕೈ ಆಗುತ್ತಿತ್ತು.

ನರ್ಸ್ ತರಬೇತಿಗೆ ಹುಡುಗಿಯರನ್ನು ಕೇಳಿಕೊಂಡು ಮಿಷನ್ ಸಿಸ್ಟರುಗಳು ನಮ್ಮೂರಿಗೆ ಬಂದಾಗ ಯಾವ ಮಾನಸ್ಥರ ಮನೆಯಿಂದಲೂ ಒಬ್ಬಳೂ ಹೊರಡಲಿಲ್ಲ. ಪರಗಂಡಸರ ಮೈ ಮುಟ್ಟುವ ಕೆಲಸ ಅದು. ನಾನು ಹೊರಟೆ. ಪಟೇಲ ನನ್ನನ್ನು ತನ್ನ ಅಂಗಳದಲ್ಲಿ ಎಲ್ಲರೆದುರು ನಿಲ್ಲಿಸಿ, "ಸೂಳೆ ಆಗಾಕೆ ಶಿವಮೊಗ್ಗಕ್ಕೆ ಯಾಕ್ ಹೋಗ್ಬೇಕೇ? ಇಲ್ಲೇ ಆಗು" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನ ಮಗ ಪರಮಶಿವಪ್ಪ. ನಾನು ಬಸ್ಸು ಹತ್ತಿದ ವಾರದಲ್ಲೇ ನಮ್ಮ ಗುಡಿಸಲು ಕೀಳಿಸಿದರು. ಕನ್ನಡ ನಾಡು ಒಂದಾದ ಮರುವರ್ಷ ನನಗೆ ಇಲ್ಲಿ ಕೆಲಸವಾಯಿತು, ಅವ್ವನೂ ಬಂದು ಪೊರಕೆ ಹಿಡಿದಳು. ಆ ನಗು ಮಾತ್ರ ಕಿವಿ ಬಿಟ್ಟಿರಲಿಲ್ಲ.

ಮರುದಿನ ಶಿರಾಳಕೊಪ್ಪದ ಸಂತೆ. ಪಟೇಲನನ್ನು ನೋಡಲು ಬಂದ ಗೇಣಿದಾರರು ವರಾಂಡದ ತುಂಬ ಕೂತಿದ್ದರು.

"ತಿಮ್ಮೀ! ಎಲ್ಲಿ ಸತ್ಯೇ?"

ಬಗ್ಗಿದ ಅವ್ವನ ಮುಂಗೈ ಹಿಡಿದೆ. "ಬಿಡವ್ವ ಅದನ್ನ."

"ಏನೇ ಅಂದೆ?" ಪಟೇಲ ಮೊಣಕೈಯೂರಿ ಎದ್ದ.

"ನಮ್ ಕೈ ಆಗಲ್ಲ ಅಂದ್ರಲ್ಲ. ಆ ಪಾತ್ರೇನೂ ನಿಮ್ ಮೈಗೆ ತಾಗೋದೇ. ನಾವು ಮುಟ್ಟಲ್ಲ."

"ಕೆಲಸ ಹೋಗ್ತದೆ ನಿಂದು!" ಡಾಕ್ಟರು ಓಡಿ ಬಂದರು.

"ಹೋಗ್ಲಿ ಸಾರ್. ಹೋದ್ಮೇಲಂತೂ ಮುಟ್ಟಲ್ಲ."

ಬಿಸಿಲೇರಿತು. ನೊಣ ಮುತ್ತಿದವು. ಪಕ್ಕದ ಮಂಚದವರು ಚಾಪೆ ಎತ್ತಿಕೊಂಡು ಹೊರಗೆ ಹೋದರು. ಬೈದು ಬೈದು ಪಟೇಲನ ದನಿ ಬಿದ್ದುಹೋಯಿತು. ಅಷ್ಟರಲ್ಲಿ ಸಂತೆ ಮುಗಿಸಿ ಪರಮಶಿವಪ್ಪ ಬಂದ, ಇಸ್ತ್ರಿ ಶರ್ಟಿನಲ್ಲಿ. ವಿಷಯ ತಿಳಿದವನೇ ನನ್ನ ಮೇಲೆ ಕೈ ಎತ್ತಿದ.

"ಬೋಸುಡಿ, ಹುಟ್ಟಿಲ್ಲ ಅನ್ನಿಸ್ಬಿಡ್ತೀನಿ!"

"ಹೊಡೀರಿ. ಹೊಡೆದ್ಮೇಲೂ ಪಾತ್ರೆ ಅಲ್ಲೇ ಇರ್ತದೆ. ಅದು ನಿಮ್ಮಪ್ಪಂದಲ್ವ?"

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಮಂಚದ ಮೇಲೆ ಪಟೇಲ ಹೊಟ್ಟೆ ಹಿಡಿದುಕೊಂಡು ನರಳಿದ. "ಖಾಲಿ ಮಾಡ್ಕಂಡು ಬಾರೋ ಮಗನೆ. ಮತ್ತೆ ಬರಂಗಾಗೈತೆ, ತಡ್ಯಾಕಾಗಲ್ಲ."

ಪರಮಶಿವಪ್ಪ ಸುತ್ತ ನೋಡಿದ. ಯಾರೂ ಏಳಲಿಲ್ಲ. ಉಸಿರು ಬಿಗಿಹಿಡಿದು ಪಾತ್ರೆ ಎತ್ತಿದ. ಮುಖ ಆಚೆ ತಿರುಗಿಸಿ, ತೋಳು ಚಾಚಿ ವರಾಂಡಕ್ಕೆ ಬಂದ. ಒಬ್ಬರೂ ನಗಲಿಲ್ಲ. ಅವನ ಅಪ್ಪನ ಗದ್ದೆಯಲ್ಲೇ ಮುದುಕನಾದ ಯಲ್ಲಪ್ಪ ಕಾಲು ಮಡಿಸಿಕೊಂಡ, ಹೆಗಲ ವಲ್ಲಿ ಬಿಗಿಯಾಗಿ ಹೊದ್ದುಕೊಂಡ.

"ಒಂಚೂರು ದೂರ ಹೋಗ್ರಿ ಸಣ್ಪಟೇಲ್ರೆ. ಮೈಗೆ ತಾಕೀತು."

ಅಂಗಳದ ನಡುವೆ ಪರಮಶಿವಪ್ಪ ನಿಂತುಬಿಟ್ಟ. ಪಾತ್ರೆ ತುಳುಕಿ ಶರ್ಟಿನ ತೋಳು ನೆನೆಯಿತು. ಎಲ್ಲಿ ಸುರಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ತಿಮ್ಮೀ..." ಎಂದ. ಆಮೇಲೆ ದನಿ ತಗ್ಗಿಸಿ, "ತಿಮ್ಮಮ್ಮಾ, ಎಲ್ಲಿ ಸುರೀಲಿ?"

ಅವ್ವ ಗೇಣಿದಾರರ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಿದ್ದಳು. ಎಲೆಗೆ ಸುಣ್ಣ ಹಚ್ಚುತ್ತಿದ್ದಳು, ಸಾವಕಾಶವಾಗಿ.