ಗಾಳಿ ವಾಲ್ವು

"ಕೊಡ ತೆಗಿಯೇ ರಂಡೆ. ನಿನ್ನ ಅಪ್ಪ ಹಾಕ್ಸಿದ ಪೈಪಾ ಇದು?"

ನನ್ನ ಅತ್ತಿಗೆ ಮಂಜಿ ಕೊಡ ತೆಗೆಯಲಿಲ್ಲ. ಅರ್ಧ ತುಂಬಿತ್ತು. ಇನ್ನರ್ಧ ತುಂಬುವವರೆಗೆ ಬೈಸಿಕೊಂಡರೆ ಗಂಟೇನೂ ಹೋಗುವುದಿಲ್ಲ ಎಂಬಂತೆ ಕುಕ್ಕರುಗಾಲಲ್ಲಿ ಕೂತೇ ಇದ್ದಳು. ಇಂಜಿನಿಯರ್ ಸಂದೇಶ ಸಾಹೇಬ ಜೀಪಿನಿಂದ ಇಳಿದು ಬಂದು ಬೂಟುಗಾಲಲ್ಲಿ ಕೊಡವನ್ನು ಒದ್ದ. ಅದು ಉರುಳಿಕೊಂಡು ಗಟಾರಕ್ಕೆ ಬಿತ್ತು. ಅವಳ ಹಿಂದೆ ಸಾಲಿನಲ್ಲಿದ್ದ ನಮ್ಮ ಹದಿನೇಳು ಕೊಡಗಳು ಹಾಗೇ ಖಾಲಿ ಕೂತವು. ಜೀಪಿನ ಹಿಂಬದಿಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು, ತಲೆ ತಗ್ಗಿಸಿ ಕೂತಿದ್ದವನು ಬೀರ. ಮಂಜಿಯ ಗಂಡ, ನನ್ನ ಅಣ್ಣ.

ನಮ್ಮ ಕೇರಿ ಇರುವುದು ಭಾವಿಕೇರಿಯಿಂದಾಚೆ, ಹಿನ್ನೀರಿನ ಗಜನಿಗದ್ದೆಯ ಅಂಚಿನ ದಿಬ್ಬದ ಮೇಲೆ. ಸುಂಕಸಾಳದ ಕಡೆಯಿಂದ ಹರಿದು ಬರುವ ಹೊಳೆಯ ನೀರನ್ನು ಪಂಪಿನಲ್ಲಿ ಎತ್ತಿ ಪೇಟೆಗೆ ಒಯ್ಯುವ ದೊಡ್ಡ ಪೈಪು ಈ ದಿಬ್ಬ ಹತ್ತಿ ಇಳಿಯುತ್ತದೆ. ಹತ್ತುವಾಗ ನಮ್ಮ ಅಂಗಳ, ಇಳಿಯುವಾಗಲೂ ನಮ್ಮದೇ ಅಂಗಳ. ನಳ ಮಾತ್ರ ಇಲ್ಲ. ಪಂಚಾಯತಿಗೆ ಹೋದರೆ ಆ ಪೈಪು ಪೇಟೆಯದು ಎನ್ನುತ್ತಾರೆ. ಪೇಟೆಗೆ ಹೋದರೆ ನೀವು ಪಂಚಾಯತಿಯವರು ಎನ್ನುತ್ತಾರೆ. ಎರಡು ವರ್ಷದ ಹಿಂದೆ ಗಜನಿಯ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದ ಮೇಲೆ ನಮ್ಮ ಬಾವಿಯ ನೀರಿನಲ್ಲಿ ಬೇಳೆಯೂ ಬೇಯುವುದಿಲ್ಲ. ದಿಬ್ಬದ ನೆತ್ತಿಯಲ್ಲಿ, ಪೈಪಿನೊಳಗಿನ ಗಾಳಿ ಹೊರಗೆ ಹೋಗಲೆಂದು ಸಿಮೆಂಟಿನ ಗುಂಡಿಯೊಳಗೆ ಒಂದು ವಾಲ್ವು ಇಟ್ಟಿದ್ದಾರೆ. ನೀರು ಬಂದಾಗ ಅದರ ಬಾಯಿ ಮುಚ್ಚಬೇಕಾದ ರಬ್ಬರ್ ಚೆಂಡು ಸವೆದು ನೀರು ಚಿಮ್ಮುತ್ತಿತ್ತು. ಹದಿನೆಂಟು ಮನೆ ಇಷ್ಟು ದಿನ ಬದುಕಿದ್ದು ಆ ಸವೆದ ಚೆಂಡಿನಿಂದ.

"ಪೇಟೆಯಿಂದ ಕಂಪ್ಲೇಂಟ್ ಬಂದಿದೆ" ಎಂದ ಸಾಹೇಬ. "ಇಲ್ಲಿ ನೀವು ಕೈ ಹಾಕ್ತೀರಿ, ಬಾಯಿ ಇಡ್ತೀರಿ. ನಿಮ್ಮ ಕೈ ತಾಗಿದ್ದು ಅಲ್ಲಿ ದೇವರ ಕೋಣೆಗೆ ಹೋಗ್ಬೇಕಾ?"

"ಟಾಕಿ ತೊಳಿಯೂಕೆ ಒಳಗೆ ಇಳಿಯೂದು ಯಾರ ಕಾಲ್ರಾ?" ಮಂಜಿ ಕೂತಲ್ಲಿಂದಲೇ ಕೇಳಿದಳು. "ಇವ್ರದ್ದೇ ಅಲ್ವಾ? ಆಗ ದೇವ್ರಿಗೆ ಮೈಲಿಗೆ ಆಗೂದಿಲ್ವಾ?"

ಸುಳ್ಳಲ್ಲ. ಪೇಟೆಯ ನೀರಿನ ಟಾಕಿಯೊಳಗೆ ಆರು ತಿಂಗಳಿಗೊಮ್ಮೆ ಇಳಿದು ಉಜ್ಜುವುದು ಅಣ್ಣನೇ. ಸಂಡಾಸದ ಪೈಪು ಕಟ್ಟಿಕೊಂಡರೆ ಮೊಣಕೈವರೆಗೆ ಕೈ ಹಾಕುವುದೂ ಅವನೇ. ನೀರಿನ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಅವನು ದಿನಗೂಲಿ. ಅವನ ಜೊತೆ ಹರೀಶ ಎಂಬ ಇನ್ನೊಬ್ಬ ಕೂಲಿಯವನಿದ್ದಾನೆ.

"ಕಿತೆಂ ರೆ ಬೀರ, ಏನೋ ಇದು? ಹೆಂಡ್ತಿಯನ್ನು ಸುಮ್ಮನಿರಿಸು. ಆಮೇಲೆ ಇದನ್ನು ಬಿಗಿ." ಸಾಹೇಬ ಜೀಪಿನಿಂದ ಒಂದು ಕಬ್ಬಿಣದ ಮುಚ್ಚಳ ಎಸೆದ.

ಅಣ್ಣ ಅದನ್ನು ತಿರುಗಿಸಿ ನೋಡಿದ. "ಸರಾ, ಹೊಸಾ ಚೆಂಡು ಹಾಕ್ವ. ಮುಚ್ಚಳ ಬಿಗದ್ರೆ ಗಾಳಿ ಹೋಗೂಕೆ ದಾರಿ ಇರೂದಿಲ್ಲ. ಕರೆಂಟ್ ಹೋಗಿ ಬಂತು ಅಂದ್ರೆ ಗಾಳಿ ಇಲ್ಲೇ ಕೂತ್ಕಳ್ತದೆ. ನೀರು ದಿಬ್ಬ ದಾಟೂದಿಲ್ಲ."

"ಇಂಜಿನಿಯರ್ ನಾನಾ, ನೀನಾ?"

"ನೀವೇ ಸರಾ."

"ಹಾಗಾದ್ರೆ ಬಿಗಿ."

ಅಣ್ಣ ಗುಂಡಿಗಿಳಿದ. ನಾಲ್ಕು ನಟ್ಟು. ಒಂದೊಂದನ್ನೂ ಮೈಯೆಲ್ಲ ಹಾಕಿ ಬಿಗಿದ. ನಮ್ಮ ಕಡೆ ತಲೆ ಎತ್ತಿ ನೋಡಲಿಲ್ಲ. ನೀರು ಮೊದಲು ಸಣ್ಣಗಾಯಿತು, ಆಮೇಲೆ ತೊಟ್ಟಿಕ್ಕಿತು, ಆಮೇಲೆ ನಿಂತಿತು. ಸುಳ್ಳೇಕೆ ಹೇಳಲಿ, ಆ ಹೊತ್ತಿಗೆ ನನಗೆ ಇಂಜಿನಿಯರನಿಗಿಂತ ಅಣ್ಣನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಮಂಜಿ ಬಾವಿನೀರಿನಲ್ಲಿ ಬೇಯಿಸಿದ ಅನ್ನ ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

"ಉಣ್ಣು" ಎಂದಳು. "ಉಪ್ಪು ಹಾಕೂ ಕೆಲ್ಸ ಉಳೀತು."

"ನಾ ಬಿಗೀದೆ ಇದ್ರೆ ಹರೀಶ ಬಿಗೀತಿದ್ದ. ನನ್ನ ಕೆಲ್ಸಾನೂ ಹೋತಿತ್ತು."

"ಹರೀಶ ಬಿಗದಿದ್ರೆ ನಂಗೆಂತಾ, ನಾ ಅವ್ನ ಹೆಂಡ್ತಿ ಅಲ್ಲ. ಬೈದು ಬತ್ತಿದ್ದೆ."

ಅಣ್ಣ ಉಳಿದ ಅನ್ನ ಉಂಡ. ಪಕ್ಕದಲ್ಲಿಟ್ಟಿದ್ದ ಲೋಟ ಖಾಲಿಯಿತ್ತು. ಅವನು ಅದನ್ನು ಒಮ್ಮೆ ನೋಡಿದ, ಕೇಳಲಿಲ್ಲ. ಮೂಲೆಯಲ್ಲಿ ಮಲಗಿದ್ದ ನಮ್ಮ ತಾಯಿ, ಹೊನ್ನು ಅವ್ವಿ, ಮಾತ್ರ ನೀರು ಕೇಳುತ್ತಿದ್ದಳು. ಅವಳಿಗೆ ಜ್ವರ. ಬಾವಿನೀರು ಕುಡಿಸಿದಷ್ಟೂ ವಾಂತಿ ಮಾಡುತ್ತಿದ್ದಳು. ಮೂರನೆಯ ದಿನಕ್ಕೆ ಅವಳ ನಾಲಿಗೆ ಒಣಗಿ ಬಿಳಿಯಾಯಿತು.

ನಾನು ಮುಸುರೆ ತಿಕ್ಕುವುದು ಅದೇ ಸಂದೇಶ ಸಾಹೇಬನ ಮನೆಯಲ್ಲಿ. ಅವನ ಸ್ವಂತ ಮನೆ ಕಾರವಾರದ ಕೋಡಿಬಾಗದಲ್ಲಿ. ಇಲ್ಲಿ ಪೇಟೆಯಲ್ಲಿ ಬಾಡಿಗೆಗಿದ್ದಾನೆ. ಅಂದು ಪಾತ್ರೆ ತೊಳೆದಾದ ಮೇಲೆ ಅವನ ಹೆಂಡತಿಯನ್ನು ಕೇಳಿದೆ.

"ಅಮಿತಾ ಬಾಯಿ, ಒಂದು ಕೊಡ ನೀರು ಒಯ್ಲಾ? ಅವ್ವಿಗೆ ಹುಷಾರಿಲ್ಲ."

"ಒಂದು ಕೊಡದ ಮಾತಲ್ಲ ಭಾರತಿ. ಇವತ್ತು ನಿನಗೆ ಕೊಟ್ರೆ ನಾಳೆ ಕೇರಿಯೆಲ್ಲ ಬರ್ತದೆ" ಎಂದಳು. ಕೆಟ್ಟವಳಲ್ಲ, ಮೆತ್ತಗೇ ಹೇಳಿದಳು. "ಹೋಗುವಾಗ ಅಂಗಳದ ಕುಂಡಗಳಿಗೆ ಪೈಪು ಹಿಡಿದು ಹೋಗು ಹಾಂ."

ಹಿಡಿದೆ. ಇಪ್ಪತ್ತಾರು ಕುಂಡ. ನೀರು ತುಂಬಿ ಚೆಲ್ಲುತ್ತಿತ್ತು. ಸೆರಗಿನ ತುದಿ ಅದ್ದಿಕೊಂಡು ಬಂದು ಅವ್ವಿಯ ಬಾಯಿಗೆ ಹಿಂಡಿದೆ. ಮನೆಗೆ ಬರುವಷ್ಟರಲ್ಲಿ ಅರ್ಧ ಆರಿಹೋಗಿತ್ತು.

ಐದನೆಯ ದಿನ ಗಾಳಿ ಬೀಸಿ ಮರ ಬಿದ್ದು ಕರೆಂಟು ಹೋಯಿತು. ಸಂಜೆಗೆ ಬಂತು. ಪಂಪು ಶುರುವಾಯಿತು. ದಿಬ್ಬದ ಮೇಲೆ ಪೈಪಿಗೆ ಕಿವಿಯಿಟ್ಟರೆ ಒಳಗೆ ಹೊಟ್ಟೆ ಗುರುಗುಟ್ಟಿದ ಸದ್ದು. ನೀರು ಪೇಟೆ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ.

ಪೈಪು ಎಲ್ಲೋ ಒಡೆದಿದೆ ಎಂದು ಸಾಹೇಬ ರಸ್ತೆಯುದ್ದಕ್ಕೂ ಐದು ಕಡೆ ಅಗೆಸಿದ. ಅಗೆದದ್ದು ಅಣ್ಣ ಮತ್ತು ಹರೀಶ. ತೋರಿಸಿದಲ್ಲಿ ಅಗೆದರು, ಮುಚ್ಚು ಎಂದಾಗ ಮುಚ್ಚಿದರು. ಸಂಜೆ ಕೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದವನನ್ನು ನಾನು ಕೇಳಿದೆ.

"ಗಾಳಿ ಕಟ್ಕಂಡದ್ದು ಅಂತ ನಿಂಗೆ ಗೊತ್ತಲ್ಲ ಅಣ್ಣಾ, ಹೇಳೂಕೆ ಎಂತಾ?"

"ಒಂದ್ಸಲ ಹೇಳಿದ್ನಲ್ಲ" ಎಂದ.

ಅಂದು ಮಂಜಿ ಅವನಿಗೆ ಲೋಟ ತುಂಬಿ ನೀರು ಕೊಟ್ಟಳು. ಭಾವಿಕೇರಿಯ ಯಾರದೋ ಬಾವಿಯಿಂದ ಎರಡು ಮೈಲಿ ಹೊತ್ತು ತಂದಿದ್ದಳು. ಅವನು ಅರ್ಧ ಕುಡಿದು ಉಳಿದರ್ಧ ಅವ್ವಿಗೆ ಕುಡಿಸಿದ.

ಏಳನೆಯ ದಿನ ನಾನು ಕೆಲಸಕ್ಕೆ ಹೋದಾಗ ಸಾಹೇಬನ ಮನೆ ಗಬ್ಬು ನಾರುತ್ತಿತ್ತು. ಎರಡು ದಿನದಿಂದ ಸಂಡಾಸಕ್ಕೆ ನೀರು ಬಿದ್ದಿರಲಿಲ್ಲ. ಅಮಿತಾ ಬಾಯಿ ಮೂಗಿಗೆ ಸೆರಗು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಕುಂಡಗಳು ಬಾಡಿದ್ದವು.

"ಭಾರತಿ, ನಿಮ್ಮ ಕೇರಿ ಬಾವಿಯಿಂದ ಎರಡು ಕೊಡ ತರ್ತೀಯಾ? ಉಪ್ಪಾದ್ರೂ ಅಡ್ಡಿಲ್ಲ, ಸಂಡಾಸಕ್ಕೆ."

"ಎರಡು ಕೊಡದ ಮಾತಲ್ಲ ಬಾಯಿ. ಇವತ್ತು ನಿಮ್ಗೆ ಕೊಟ್ರೆ ನಾಳೆ ಪೇಟೆಯೆಲ್ಲ ಬತ್ತದೆ."

ಅವಳ ಮುಖ ನೋಡಲು ನಿಲ್ಲಲಿಲ್ಲ. ಕಸಬರಿಗೆ ಬಾಗಿಲಿಗೆ ಒರಗಿಸಿ ಬಂದೆ. ದಾರಿಯುದ್ದಕ್ಕೂ ಆ ಕೆಲಸವೂ ಹೋಯಿತಲ್ಲ ಎಂಬ ಹೆದರಿಕೆ ಒಂದು ಕಡೆ, ಇಷ್ಟು ತಡವಾಗಿ ಹೇಳಿದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಅಗೆದಲ್ಲೆಲ್ಲೂ ಒಡಕು ಸಿಗದೆ ಎಂಟನೆಯ ದಿನ ಬೆಳಿಗ್ಗೆ ಜೀಪು ದಿಬ್ಬ ಹತ್ತಿತು. ಅದು ಬರುವ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ವಾಲ್ವಿನ ಗುಂಡಿಯ ಸುತ್ತ ಕೂತಾಗಿತ್ತು. ನಡುವೆ ಗುಂಡಿ ಮುಚ್ಚಿದ ಚಪ್ಪಡಿಯ ಮೇಲೆ ಮಂಜಿ, ಅವಳ ತೊಡೆಯ ಮೇಲೆ ನೆಗ್ಗಿದ ಅದೇ ಕೊಡ. ಅವ್ವಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು ನನ್ನ ಭುಜಕ್ಕೆ ಒರಗಿದ್ದಳು.

"ಏಳಿ, ಏಳಿ" ಎಂದ ಸಾಹೇಬ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. ಗಡ್ಡ ಬೆಳೆದಿತ್ತು. "ಪೇಟೆಗೆ ಮೂರು ದಿನದಿಂದ ನೀರಿಲ್ಲ."

"ನಮ್ಗೆ ಎಂಟು ದಿನಾತು" ಎಂದಳು ಮಂಜಿ.

"ಬೀರ, ಮುಚ್ಚಳ ತೆಗಿ."

ಅಣ್ಣ ಜೀಪಿನಿಂದ ಇಳಿದು ಬಂದ. ಪಾನಾವನ್ನು ಮಂಜಿಯ ಕಾಲ ಹತ್ತಿರ ಇಟ್ಟು ಪಕ್ಕಕ್ಕೆ ನಿಂತ. "ಬಿಗಿ ಅಂದ್ರಿ, ಬಿಗದೆ. ಬಿಚ್ಚೂದು ಇವ್ಳ ಹತ್ರ ಕೇಳಿ ಸರಾ."

"ಬೋಳಿಮಗನೆ, ಕೆಲ್ಸದಿಂದ ತೆಗೀತೇನೆ."

"ತೆಗೀರಿ."

ಅಷ್ಟೇ ಹೇಳಿದ. ಹನ್ನೊಂದು ವರ್ಷದ ಕೆಲಸ.

"ಕೇರಿಗೊಂದು ನಳ ಹಾಕಿ" ಎಂದಳು ಮಂಜಿ. "ಇವತ್ತೇ. ಪೈಪು ಜೀಪಲ್ಲೇ ಉಂಟಲ್ಲ."

"ನೋಡುವಾ. ಮೊದಲು ಇದನ್ನು ತೆಗೀಲಿ."

"ನೋಡಿ. ನಾವೂ ಕೂತ್ಕಂಡೇ ನೋಡ್ತೇವೆ."

ಸಾಹೇಬ ಪೊಲೀಸರಿಗೆ ಫೋನು ಮಾಡಿದ. ಅದು ಮುಗಿಯುವುದರೊಳಗೆ ಅವನಿಗೇ ಮೇಲಿನಿಂದ ಫೋನು ಬಂತು. ಬೈಗುಳ ನಮ್ಮವರೆಗೂ ಕೇಳುತ್ತಿತ್ತು. ಅವನು ಯೆಸ್ ಸರ್, ಯೆಸ್ ಸರ್ ಎನ್ನುತ್ತ ನಮಗೆ ಬೆನ್ನು ತಿರುಗಿಸಿದ. ಬೈಸಿಕೊಳ್ಳುವಾಗ ಎಲ್ಲರ ಬೆನ್ನೂ ಒಂದೇ ತರ ಬಾಗುತ್ತದೆ. ಫೋನು ಇಟ್ಟವನೇ ಪಾನಾ ಎತ್ತಿಕೊಂಡ.

"ಪಕ್ಕಕ್ಕೆ ಸರೀರಿ. ನಾನೇ ತೆಗೀತೇನೆ."

ಮಂಜಿ ಎದ್ದಳು. ಚಪ್ಪಡಿಯನ್ನು ತಾನೇ ಸರಿಸಿ ಕೊಟ್ಟಳು. "ಇಳೀರಾ."

ಗುಂಡಿಯಲ್ಲಿ ಮೊಣಕಾಲುದ್ದ ಕೆಸರು. ಬೂಟು ಬಿಚ್ಚುವುದೋ ಬೇಡವೋ ಎಂದು ಅವನು ಸ್ವಲ್ಪ ಹೊತ್ತು ನಿಂತು, ಬಿಚ್ಚದೆ ಇಳಿದ. ಮೊದಲನೆಯ ನಟ್ಟಿಗೆ ಪಾನಾ ಹಾಕಿ ಜಗ್ಗಿದ. ಅಣ್ಣ ಮೈಯೆಲ್ಲ ಹಾಕಿ ಬಿಗಿದ ನಟ್ಟು, ಮೇಲೆ ಎಂಟು ದಿನದ ತುಕ್ಕು. ಜರುಗಲಿಲ್ಲ. ಮತ್ತೆ ಜಗ್ಗಿದ. ಪಾನಾ ಜಾರಿ ಗೆಣ್ಣು ಕಬ್ಬಿಣಕ್ಕೆ ಬಡಿದು ರಕ್ತ ಬಂತು. ಬೆವರು ಇಳಿಯುತ್ತಿತ್ತು. ಮೇಲೆ ನಿಂತ ಡ್ರೈವರ್ ಬೇರೆ ಕಡೆ ನೋಡಿದ. ದೂರದಲ್ಲಿ ಪಂಪು ಸುಮ್ಮನೆ ಗಾಳಿ ದಬ್ಬುತ್ತಿತ್ತು.

ಸಾಹೇಬ ತಲೆ ಎತ್ತಿದ. "ಬೀರ, ಒಂದು ಕೈ ಹಾಕು ಮಾರಾಯ."

ನನ್ನ ಭುಜದ ಮೇಲಿಂದ ಅವ್ವಿಯ ಒಣಗಿದ ದನಿ ಬಂತು. "ನಮ್ಮ ಕೈ ತಾಗೂಕಾಗ ಅಂದ್ರಿ ಅಲ್ರಾ ಒಡೆಯಾ."

ಅಣ್ಣ ತನ್ನ ಬೊಬ್ಬೆಯೆದ್ದ ಕೈಗಳನ್ನು ನೋಡಿಕೊಂಡ. ಆಮೇಲೆ ಎರಡನ್ನೂ ಬಗಲಲ್ಲಿ ಸಿಕ್ಕಿಸಿಕೊಂಡ. ಮಂಜಿ ಕೊಡ ಕೆಳಗಿಟ್ಟು ತನ್ನ ಕೈಗಳನ್ನೂ ಹಾಗೇ ಇಟ್ಟುಕೊಂಡಳು. ನಾನೂ ಇಟ್ಟುಕೊಂಡೆ. ಜೀಪಿನ ಹತ್ತಿರ ನಿಂತಿದ್ದ ಹರೀಶ ಆಚೆ ಈಚೆ ನೋಡಿ, ಮೆಲ್ಲಗೆ ಬಂದು ಅಣ್ಣನ ಪಕ್ಕ ನಿಂತ. ಅವನೂ ಕೈ ಕಟ್ಟಿದ.

ಕೆಳಗಿನ ರಸ್ತೆಯಿಂದ ಪೊಲೀಸ್ ಜೀಪು ನಮ್ಮ ದಿಬ್ಬದ ಕಡೆ ತಿರುಗಿದ್ದು ಎಲ್ಲರಿಗೂ ಕಂಡಿತು. ಯಾರೂ ಕೈ ತೆಗೆಯಲಿಲ್ಲ.