ಮೃತರಿಗೆ ತಾಯಿ, ತಮ್ಮ ಇದ್ದಾರೆ

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಪತ್ರಿಕಾ ಕಚೇರಿಯ ಈ ಮೇಜಿನ ಮೇಲೆ ಗಂಡನ ಚಹಾ ಲೋಟದ ದುಂಡನೆ ಕಲೆ ಹಾಗೇ ಇದೆ, ಮನುಷ್ಯ ಹೋಗಿ ಎರಡು ದಿನ, ಕಲೆ ಹೋಗಿಲ್ಲ, ಅವಳಿಗೆ ಅಳು ಬರುವುದಿಲ್ಲ, ಕಾಲಿಗೆ ಹಿಡಿಯುವ ಜೋಮು ಎದೆಗೆ ಹಿಡಿದಿದೆ, ಎದುರಿಗೆ ಕನ್ನಡಕ ಒರೆಸುತ್ತ ನಿಂತ ಸುದ್ದಿ ಸಂಪಾದಕರು, ನೋಡಮ್ಮ, ನಾವು ಬರೆಯೋದೇ ಬೇಡ, ಪುಣ್ಯಾತ್ಮ ತನ್ನದನ್ನೂ ತಾನೇ ಬರೆದಿಟ್ಟಿದಾನೆ, ವಯಸ್ಸು ತಾರೀಕು ತುಂಬಿದ್ರಾಯ್ತು, ಒಂದ್ಸಲ ಕಣ್ಣಾಡಿಸು, ನಾಳೆ ಪುಟಕ್ಕೆ ಹೋಗ್ಬೇಕು — ಹೌದು, ಅವನ ಕೆಲಸವೇ ಅದು, ಬದುಕಿರುವವರ ನಿಧನವಾರ್ತೆ ಮೊದಲೇ ಬರೆದು ಕಪಾಟಿನಲ್ಲಿಡುವುದು, ಪ್ರತಿ ತಿಂಗಳ ಒಂದನೇ ತಾರೀಕು ಎಲ್ಲವನ್ನೂ ತೆಗೆದು ತಿದ್ದಿ ಸಹಿ ಹಾಕುವುದು, ಯಮನ ಗುಮಾಸ್ತ ಎಂದು ಅವಳೇ ಅಡ್ಡಹೆಸರಿಟ್ಟಿದ್ದಳು, ಮದುವೆಯಾದ ವಾರಕ್ಕೆ ನಗುತ್ತ ಬಂದಿದ್ದ, ಇವತ್ತು ನನ್ನದಕ್ಕೆ ನಿನ್ನ ಸೇರಿಸ್ದೆ ಕಣೇ, ಮೃತರಿಗೆ ತಾಯಿ, ಪತ್ನಿ, ತಮ್ಮ ಇದ್ದಾರೆ, ಇನ್ನು ನೀನು ತಪ್ಪಿಸ್ಕೊಳ್ಳೋ ಹಾಗಿಲ್ಲ, ಥೂ, ಬಿಡ್ತು ಅನ್ನಿ ಎಂದು ಬಾಯಿ ಮುಚ್ಚಿದ್ದಳು, ಅಂಗೈಗೆ ಅವನ ನಗು ತಾಗಿತ್ತು — ಇನ್ನೊಂದು ಸಂಜೆ ಬಟ್ಟೆ ಮಡಿಸುವಾಗ, ಆ ಗಿರಣಿ ಮಾಲೀಕನದ್ರಲ್ಲಿ ಪತ್ನಿ ಹೊಡೆದುಹಾಕ್ದೆ, ಡೈವೋರ್ಸ್ ಕೊಡ್ತಾನಂತೆ, ಪಾಪ, ಆಯಮ್ಮನಿಗೇ ಇನ್ನೂ ಗೊತ್ತಿಲ್ಲ, ನನ್ನ ಕಪಾಟಿಗೆ ಗೊತ್ತು ಎಂದಿದ್ದ, ಅವಳೂ ನಕ್ಕಿದ್ದಳು, ನಕ್ಕಿದ್ದಳಲ್ಲ, ಹೊಟ್ಟೆ ಹಿಡಿದುಕೊಂಡು —

ಓದು, ಉದ್ಯೋಗ, ಮುದ್ದಾದ ಅಕ್ಷರ, ಕೊನೆಯ ಸಾಲು, ಮೃತರಿಗೆ ತಾಯಿ, ಆಮೇಲೆ ಒಂದು ಕೆಂಪು ಗೆರೆ, ಗೆರೆಯಡಿಯಲ್ಲಿ ಹೊಡೆದುಹಾಕಿದ ಪತ್ನಿ, ಗೆರೆ ದಾಟಿದರೆ ತಮ್ಮ ಇದ್ದಾರೆ, ಪಕ್ಕದಲ್ಲಿ ಅವನ ಸಹಿ, ಈ ತಿಂಗಳ ಒಂದನೇ ತಾರೀಕು — ಅಂದು ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹಾಕಿದ್ದಳು, ನಿಂತಲ್ಲೇ ಹೊಲಿಯೇ, ತಡ ಆಯ್ತು, ದಾರವನ್ನು ಹಲ್ಲಿನಿಂದ ಕಡಿಯುವಾಗ ಅವನ ಎದೆ ಹಣೆಗೆ ಬಡಿಯುತ್ತಿತ್ತು, ಹತ್ತೊಂಬತ್ತನೇ ದಿನ ನಿಂತದ್ದು ಅದೇ ಎದೆ, ಅದರೊಳಗೆ ಇದನ್ನಿಟ್ಟುಕೊಂಡು ಹತ್ತೊಂಬತ್ತು ದಿನ ಪಕ್ಕದಲ್ಲೇ ಮಲಗಿದ, ಊಟಕ್ಕೆ ಉಪ್ಪು ಸಾಲದು ಎಂದ, ಇದೊಂದನ್ನು ಹೇಳಲಿಲ್ಲ — ಇವರಿಗೂ ಗೊತ್ತಿತ್ತು, ಇನ್ನೂ ಕನ್ನಡಕ ಒರೆಸುತ್ತಿದ್ದಾರೆ, ಒರೆಸಲು ಅದರಲ್ಲೇನೂ ಉಳಿದಿಲ್ಲ, ಕೊನೇ ಸಾಲು ಸರಿ ಮಾಡಿಸ್ಲೇನಮ್ಮ, ಬೇಡ ಸಾರ್, ಅವರು ತಿದ್ದಿದ್ದನ್ನ ಬೇರೆಯವರು ಮುಟ್ಟಿದ್ರೆ ಅವರಿಗಾಗ್ತಿರಲಿಲ್ಲ, ಯಾರದೋ ಧ್ವನಿ, ತನ್ನದೇ, ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಅಳತೆಪಟ್ಟಿ ಇಟ್ಟು ಎಳೆದ ಗೆರೆ, ಎಲ್ಲಾದರೂ ಕೈ ನಡುಗಿದೆಯೇ ಎಂದು ಈ ತುದಿಯಿಂದ ಆ ತುದಿಗೆ ನೋಡುತ್ತಾಳೆ, ಮತ್ತೆ ಈ ತುದಿಯಿಂದ, ನಡುಗಿಲ್ಲ, ನೇರ, ಕೆಂಪು